ಪೋವಿಸ್ ಕೋಟೆಯ ತೋಟ ಮತ್ತು ಎದುರು ದಿಬ್ಬದ ಕಾಡು

ಮಾನ್ಯರೇ,

ವೇಲ್ಸ್ ದೇಶದ ಪೋವಿಸ್ ಕೋಟೆಯ ಹೆಸರನ್ನು ಕನ್ನಡಿಗರಲ್ಲಿ ಹಲವರು ಕೇಳಿರುವುದು ಟಿಪ್ಪು ಸುಲ್ತಾನನ ಡೇರೆಯ ಕಾರಣದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಸಾಗಿಹೋದ ವಸ್ತುಗಳಲ್ಲಿ ಕೆಲವು ಈ ಕೋಟೆಯೊಳಗಿನ ಕ್ಲೈವ್ ವಸ್ತುಸಂಗ್ರಹಾಲಯದಲ್ಲಿವೆ. ಸಿಂಹಾಸನದ ಅಂಚನ್ನು ಅಲಂಕರಿಸಿದ್ದ ಚಿನ್ನದ ಹುಲಿಮುಖಗಳಲ್ಲಿ ಒಂದು ಅಲ್ಲಿದೆ. ಹೂಕುಂಡಗಳ ಚಿತ್ರಗಳಿರುವ ಹತ್ತಿಬಟ್ಟೆಯ ಡೇರೆಯೂ ಅಲ್ಲಿದೆ. ನಮ್ಮ ಕಡೆಯಿಂದ ಹೋದವರು ಸಹಜವಾಗಿಯೇ ನೇರವಾಗಿ ಆ ಕೋಣೆಗೆ ನಡೆಯುತ್ತಾರೆ, ಅಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ, ಹೊರಬಂದು ತೋಟವನ್ನು ಮೇಲಿನ ಕಟಾಂಜನದಿಂದ ಒಮ್ಮೆ ಬಗ್ಗಿ ನೋಡಿ ಹಿಂದಿರುಗುತ್ತಾರೆ. ದಿನದ ಹೆಚ್ಚಿನ ಪಾಲನ್ನು ತೋಟಕ್ಕೂ ಅದರ ಎದುರಿನ ಕಾಡಿಗೂ ಕೊಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ನಾನು ಇಂದು ಮಾತನಾಡುತ್ತಿದ್ದೇನೆ. ಒಳಗಿನ ಸಂಗ್ರಹ ಮತ್ತು ಹೊರಗಿನ ಮರಗಿಡಗಳು ಒಂದೇ ಕುಟುಂಬದ, ಬಹುಪಾಲು ಒಂದೇ ಹಣದ ಕಥೆಯನ್ನು ಹೇಳುತ್ತವೆ. ಅದನ್ನು ಹೆಚ್ಚು ವಿವರವಾಗಿ ಹೇಳುವುದು ಹೊರಗಿನ ತೋಟವೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಸ್ಥಳದ ಪರಿಚಯ. ಇಂಗ್ಲೆಂಡಿನ ಗಡಿಗೆ ಹತ್ತಿರದಲ್ಲಿ, ಸೆವರ್ನ್ ನದಿಯ ಕಣಿವೆಯಲ್ಲಿ, ವೆಲ್ಷ್‌ಪೂಲ್ ಎಂಬ ಸಣ್ಣ ಪಟ್ಟಣವಿದೆ. ಪಟ್ಟಣದಿಂದ ಹೊರಟು ಹಳೆಯ ಓಕ್ ಮರಗಳಿರುವ ಉದ್ಯಾನವನದ ಮೂಲಕ ನಡೆದರೆ ಕಲ್ಲಿನ ದಿಣ್ಣೆಯೊಂದರ ಮೇಲೆ ಕೆಂಪುಕಲ್ಲಿನ ಕೋಟೆ ಕಾಣಿಸುತ್ತದೆ. ಇದನ್ನು 13ನೆಯ ಶತಮಾನದಲ್ಲಿ ಪೋವಿಸ್ ಸೀಮೆಯ ವೆಲ್ಷ್ ಅರಸರು ಕಟ್ಟಿಸಿದರು. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಇದನ್ನು ಕೊಂಡ ಮೇಲೆ ಕಾವಲಿನ ಕೋಟೆ ನಿಧಾನವಾಗಿ ಶ್ರೀಮಂತರ ವಾಸದ ಮನೆಯಾಯಿತು. ಗಡಿಯ ಜಗಳಗಳ ಕಾಲದಲ್ಲಿ ಶತ್ರುಗಳು ಹತ್ತಲಾರದ ಹಾಗಿರಬೇಕೆಂದು ಆರಿಸಿಕೊಂಡ ಕಡಿದಾದ ಆ ಬಂಡೆಯೇ ಮುಂದೆ ತೋಟಗಾರರ ಪಾಲಿಗೆ ದೊಡ್ಡ ಸವಾಲಾಗಿಯೂ ದೊಡ್ಡ ವರವಾಗಿಯೂ ಪರಿಣಮಿಸಿತು.

1680ರ ದಶಕದಲ್ಲಿ ಪೋವಿಸ್‌ನ ಮೊದಲನೆಯ ಮಾರ್ಕ್ವೆಸ್ (ಸರದಾರರ ಒಂದು ಬಿರುದು) ಆಗಿದ್ದ ವಿಲಿಯಂ ಹರ್ಬರ್ಟ್ ಕೋಟೆಯ ಕೆಳಗಿನ ಇಳಿಜಾರನ್ನು ಕಡಿಸಿ ಒಂದರ ಕೆಳಗೊಂದು ಉದ್ದವಾದ ಹಂತಗಳನ್ನು ಮಾಡಿಸತೊಡಗಿದನು. ವಿನ್ಯಾಸ ವಿಲಿಯಂ ವಿಂಡ್ ಎಂಬ ವಾಸ್ತುಶಿಲ್ಪಿಯದೆಂದು ಹೇಳುವುದು ವಾಡಿಕೆ. ಇಟಲಿಯ ಬೆಟ್ಟದ ಮನೆಗಳ ತೋಟಗಳನ್ನೂ ಫ್ರಾನ್ಸಿನ ಅರಮನೆಗಳನ್ನೂ ಕಂಡು ಬಂದಿದ್ದ ಆ ಕಾಲದ ಸಿರಿವಂತರಿಗೆ, ನೇರವಾದ ಗೆರೆ, ಅಳತೆಯಿಟ್ಟು ನೆಟ್ಟ ಗಿಡ, ಕಲ್ಲಿನ ಕಟಾಂಜನ, ಅದರ ಮೇಲೆ ಪ್ರತಿಮೆ ಇವೇ ತೋಟದ ಲಕ್ಷಣಗಳಾಗಿದ್ದವು. ಮೇಲಿನ ಹಂತದಲ್ಲಿ ಯೂ ಎಂಬ ನಿತ್ಯಹಸಿರಿನ ಸೂಜಿಯೆಲೆ ಮರಗಳ ಸಾಲು; ಅದರ ಕೆಳಗಿನದರಲ್ಲಿ ಪಕ್ಷಿಗೃಹದ ಕಮಾನುಗಳು, ಅವುಗಳ ನೆತ್ತಿಯ ಕಟಾಂಜನದ ಮೇಲೆ ಕುಣಿಯುವ ಕುರುಬ ಕುರುಬತಿಯರ ಸೀಸದ ಬೊಂಬೆಗಳು; ಮತ್ತೂ ಕೆಳಗೆ ಚಳಿಗಾಲದಲ್ಲಿ ಕಿತ್ತಳೆ ಗಿಡಗಳ ಕುಂಡಗಳನ್ನು ಒಳಗಿಟ್ಟು ಕಾಪಾಡುವ ಉದ್ದನೆಯ ಕೋಣೆ; ಕೊನೆಗೆ ಹುಲ್ಲಿನ ಇಳಿಜಾರು. ಇವೆಲ್ಲಕ್ಕೂ ಕೆಳಗೆ ಇಂದು ವಿಶಾಲವಾದ ಹುಲ್ಲುಹಾಸು ಇರುವ ಕಡೆ ಆಗ ಕೊಳ ಕಾರಂಜಿಗಳ ನೀರಿನ ತೋಟವೊಂದಿತ್ತು. ಅದನ್ನು 19ನೆಯ ಶತಮಾನದ ಆರಂಭದಲ್ಲಿ ಮುಚ್ಚಿಸಿದರು.

ಈ ಹಂತಗಳಲ್ಲಿ ನಿಂತಾಗ ಬರಿಯ ನೋಟಕ್ಕೆ ಮನಸೋಲದೆ ಗೋಡೆಯನ್ನೊಮ್ಮೆ ಮುಟ್ಟಿ ನೋಡಬೇಕು. ಹಂತಗಳು ಆಗ್ನೇಯ ದಿಕ್ಕಿಗೆ ಮುಖಮಾಡಿರುವುದರಿಂದ ಬೆಳಗಿನ ಬಿಸಿಲು ಗೋಡೆಯ ಮೇಲೆ ನೇರವಾಗಿ ಬೀಳುತ್ತದೆ. ಗೋಡೆ ಅದನ್ನು ಹೀರಿಕೊಂಡು ಸಂಜೆಯ ಹೊತ್ತಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಇಳಿಜಾರಾದ್ದರಿಂದ ಭಾರವಾದ ತಣ್ಣನೆಯ ಗಾಳಿಯೂ ಕಣಿವೆಯ ಕಡೆಗೆ ಜಾರಿಹೋಗುತ್ತದೆ. ಹೀಗಾಗಿ ಆ ಸೀಮೆಯ ಚಳಿಯಲ್ಲಿ ಬಯಲಿನಲ್ಲಿ ಉಳಿಯಲಾರದ ಎಷ್ಟೋ ಬಳ್ಳಿಗಳೂ ಪೊದೆಗಳೂ ಇಲ್ಲಿ ಗೋಡೆಗೊರಗಿ ಬದುಕುತ್ತವೆ. ಗೋಡೆಯ ಬುಡದ ಪಾತಿ, ಅದರ ಮುಂದಿನ ಹಾದಿ, ಹಾದಿಯಾಚೆಯ ಅಂಚು, ಈ ಮೂರರ ನಡುವೆ ಇರುವ ಅಂತರ ಕೆಲವೇ ಹೆಜ್ಜೆಗಳದ್ದಾದರೂ ಗಿಡಗಳ ಆಯ್ಕೆ ಪೂರ್ತಿ ಬೇರೆಯಾಗಿರುತ್ತದೆ. ತೋಟಗಾರಿಕೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಒಂದು ಸಂಗತಿಯನ್ನು ಗಮನಿಸುವುದಕ್ಕೆ ಅರ್ಧ ದಿನ ಸಾಲದು.

ತೋಟವನ್ನು ಹಾಕಿಸಿದ ಮಾರ್ಕ್ವೆಸ್‌ಗೆ ಅದರ ಸುಖ ದಕ್ಕಲಿಲ್ಲ. ಅವನು ಕ್ಯಾಥೊಲಿಕ್ ಪಂಥದವನು, ದೊರೆ ಎರಡನೆಯ ಜೇಮ್ಸನ ನಿಷ್ಠಾವಂತ. 1688ರಲ್ಲಿ ದೊರೆ ಸಿಂಹಾಸನ ಕಳೆದುಕೊಂಡಾಗ ಇವನೂ ಫ್ರಾನ್ಸಿಗೆ ಹೋಗಬೇಕಾಯಿತು, ಅಲ್ಲಿಯೇ ತೀರಿಕೊಂಡನು. ಆಸ್ತಿ ಬೇರೆಯವರ ಕೈಗೆ ಹೋಗಿ, ಹರ್ಬರ್ಟ್ ಕುಟುಂಬ ಮರಳಿ ಬಂದದ್ದು 1722ರಲ್ಲಿ. ಬಂದವರಿಗೆ ಹಣದ ಅನುಕೂಲ ಸಾಲದಾಗಿತ್ತು. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಈ ಬಡತನವನ್ನು ನಾವು ನೆನಪಿನಲ್ಲಿಡಬೇಕು. ಏಕೆಂದರೆ 18ನೆಯ ಶತಮಾನದಲ್ಲಿ ಬ್ರಿಟನ್ನಿನ ತೋಟಗಳ ಅಭಿರುಚಿ ತಲೆಕೆಳಗಾಯಿತು. ನೇರ ಗೆರೆಗಳು, ಕತ್ತರಿಸಿದ ಮರಗಳು, ಮೆಟ್ಟಿಲು ಹಂತಗಳು ಹಳೆಯ ಕಾಲದ ಕೃತಕತೆಯೆನಿಸಿ, ಮನೆಯ ಬಾಗಿಲಿನವರೆಗೂ ಉಬ್ಬುತಗ್ಗಿನ ಹುಲ್ಲುಗಾವಲು, ಅಲ್ಲಲ್ಲಿ ಮರಗಳ ಗುಂಪು, ದೂರದಲ್ಲಿ ಬಳುಕುವ ಕೆರೆ ಇರುವ ನೋಟವೇ ಸಹಜಸುಂದರವೆಂದು ಎಲ್ಲರೂ ನಂಬಿದರು. ಹಣವಿದ್ದ ಮನೆತನಗಳು ತಮ್ಮ ಅಜ್ಜಂದಿರ ತೋಟಗಳನ್ನು ಒಡೆಸಿ, ಮಟ್ಟಮಾಡಿಸಿ, ಹೊಸ ನೋಟಗಳನ್ನು ಹಾಕಿಸಿಕೊಂಡವು. 17ನೆಯ ಶತಮಾನದ ಹಂತದ ತೋಟಗಳು ಇಂದು ಆ ದ್ವೀಪದಲ್ಲಿ ಅಷ್ಟು ಅಪರೂಪವಾಗಿರುವುದಕ್ಕೆ ಇದೇ ಕಾರಣ.

ಪೋವಿಸ್‌ನಲ್ಲಿ ಮಾತ್ರ ಬೇರೆ ಬಗೆಯ ಕೆಲಸ ನಡೆಯಿತು. 1770ರ ದಶಕದ ಆರಂಭದಲ್ಲಿ ವಿಲಿಯಂ ಎಮ್ಸ್ ಎಂಬ ಭೂದೃಶ್ಯ ವಿನ್ಯಾಸಕನನ್ನು ಕರೆಸಿದರು. ಅವನು ಕೋಟೆಯ ಸುತ್ತಲಿನ ಉದ್ಯಾನವನವನ್ನು ಹೊಸ ಅಭಿರುಚಿಗೆ ತಕ್ಕಂತೆ ತಿದ್ದಿದನು, ಸಾರ್ವಜನಿಕ ರಸ್ತೆಯನ್ನು ದೂರಕ್ಕೆ ಸರಿಸಿದನು, ಹಂತಗಳಿಗೆ ಎದುರಾಗಿ ಹುಲ್ಲುಹಾಸಿನ ಆಚೆ ಇರುವ ದಿಬ್ಬದ ಮೇಲೆ ಕಾಡನ್ನು ಬೆಳೆಸಿದನು. ಹಂತಗಳು ಇದ್ದ ಹಾಗೆಯೇ ಉಳಿದುಕೊಂಡವು. ಅವುಗಳನ್ನು ಉಳಿಸಬೇಕೆಂದು ಯಾರೋ ಪಣತೊಟ್ಟಿದ್ದರೆಂದು ಭಾವಿಸುವುದು ಬೇಡ. 1784ರಲ್ಲಿ ಈ ಕಡೆ ಪ್ರವಾಸ ಬಂದಿದ್ದ ಜಾನ್ ಬಿಂಗ್ ಎಂಬಾತನು ಕಟಾಂಜನಗಳು ಕುಸಿಯುತ್ತಿರುವುದನ್ನೂ ಹೂವಿನ ಪಾತಿಗಳಲ್ಲಿ ಕುದುರೆಗಳು ಮೇಯುತ್ತಿರುವುದನ್ನೂ ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆಗಿನ ಒಡೆಯನು ಹೆಚ್ಚಾಗಿ ಕೋಟೆಯಿಂದ ದೂರವೇ ಇದ್ದನು. ಒಡೆಸುವುದಕ್ಕೂ ಹಣ ಬೇಕು. ಅದಿಲ್ಲದ ಕಾರಣ ತೋಟ ಪಾಳುಬಿದ್ದು ಉಳಿಯಿತು.

ಅದೇ 1784ರಲ್ಲಿ ಆ ಒಡೆಯನ ತಂಗಿ ಹೆನ್ರಿಯೆಟಾಳನ್ನು ಎಡ್ವರ್ಡ್ ಕ್ಲೈವ್ ಮದುವೆಯಾದನು. ಇವನು ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಹಿರಿಯ ಮಗ; ಬಂಗಾಳದಿಂದ ತಂದೆ ತಂದ ಅಪಾರ ಸಂಪತ್ತಿಗೆ ವಾರಸುದಾರ. ಒಂದು ಕಡೆ ಹಳೆಯ ಹೆಸರು ಮತ್ತು ಕುಸಿಯುವ ಗೋಡೆಗಳು, ಇನ್ನೊಂದು ಕಡೆ ಹೊಸ ಹಣ. 1798ರಲ್ಲಿ ಎಡ್ವರ್ಡ್ ಮದ್ರಾಸಿನ ಗವರ್ನರನಾಗಿ ಬಂದನು. ಮರುವರ್ಷ ಶ್ರೀರಂಗಪಟ್ಟಣ ಬಿತ್ತು. 1800ರಲ್ಲಿ ಹೆನ್ರಿಯೆಟಾ ತನ್ನಿಬ್ಬರು ಹೆಣ್ಣುಮಕ್ಕಳೊಂದಿಗೆ ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಒಳಗೊಂಡ ತಿಂಗಳುಗಟ್ಟಲೆಯ ಪ್ರವಾಸ ಮಾಡಿದಳು. ಗಿಡಮರ, ಖನಿಜ, ಹಕ್ಕಿಗಳ ವಿಷಯದಲ್ಲಿ ಆಕೆಗೆ ನಿಜವಾದ ಆಸಕ್ತಿಯಿತ್ತು. ದಾರಿಯುದ್ದಕ್ಕೂ ಸಸ್ಯಗಳನ್ನು ಸಂಗ್ರಹಿಸಿದಳು. 1801ರಲ್ಲಿ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಾಗ ಆಸ್ತಿ ಹೆನ್ರಿಯೆಟಾಳ ಮಗನ ಪಾಲಾಯಿತು. ಎಡ್ವರ್ಡ್ 1804ರಲ್ಲಿ ಪೋವಿಸ್‌ನ ಅರ್ಲ್ ಎಂಬ ಸರದಾರ ಪದವಿ ಪಡೆದನು. ಕೋಟೆಯ ಗೋಡೆಗಳೂ ತೋಟದ ಹಂತಗಳೂ ದುರಸ್ತಿಯಾದದ್ದು ಕ್ಲೈವ್ ಕುಟುಂಬ ಬಂದ ನಂತರ, ಆ ಹಣದಿಂದ. ಎಡ್ವರ್ಡ್ ತನ್ನ ಎಂಬತ್ತನೆಯ ವಯಸ್ಸಿನಲ್ಲಿಯೂ ಬೆಳಗಿನ ಆರು ಗಂಟೆಗೆ ಅಂಗಿಯ ತೋಳು ಮಡಿಸಿಕೊಂಡು ತೋಟದಲ್ಲಿ ಅಗೆಯುತ್ತಿದ್ದನೆಂಬ ಮಾತು ಅವನ ಜೀವನಚರಿತ್ರೆಯಲ್ಲಿ ದಾಖಲಾಗಿದೆ.

ಡೇರೆಯ ವಿಷಯವನ್ನು ಇಲ್ಲಿ ಹೇಳುವುದು ಉಚಿತ, ಏಕೆಂದರೆ ಅದು ತೋಟದ ಚರಿತ್ರೆಯಲ್ಲಿಯೂ ಸೇರಿಕೊಂಡಿದೆ. ಈ ಕುಟುಂಬದವರು ಅದನ್ನು ಪೋವಿಸ್‌ನಲ್ಲಿ ತಮ್ಮ ಉದ್ಯಾನಕೂಟಗಳಿಗೆ ಚಪ್ಪರವಾಗಿ ಬಳಸಿದರು. ಕಮಾನುಗಳ ಸಾಲು, ಒಂದೊಂದು ಕಮಾನಿನೊಳಗೂ ಹೂಕುಂಡ, ಅದರಿಂದ ಮೇಲೆದ್ದ ಹೂಗೊಂಚಲು ಹೀಗೆ ಭಾರತದ ಕುಶಲಕರ್ಮಿಗಳು ಬಿಳಿಯ ಹತ್ತಿಬಟ್ಟೆಯ ಮೇಲೆ ಬಣ್ಣದಲ್ಲಿ ಮೂಡಿಸಿದ ಒಂದು ತೋಟ, ದಂಡಯಾತ್ರೆಯಲ್ಲಿ ಸುಲ್ತಾನನ ಸುತ್ತ ಇದ್ದ ತೋಟ, ವೇಲ್ಸ್‌ನ ಹುಲ್ಲಿನ ಮೇಲೆ ಅತಿಥಿಗಳ ಚಹಾಕೂಟಕ್ಕೆ ನೆರಳಾಯಿತು. ಇದನ್ನು ನೆನೆದಾಗ ನನಗೆ ನೋವಾಗುತ್ತದೆ. ಹಾಗೆಂದು ತೋಟವನ್ನು ನೋಡದೆ ಬರುವುದು ಆ ನೋವಿಗೆ ಉತ್ತರವೆಂದು ನನಗೆ ಅನಿಸುವುದಿಲ್ಲ. ಈಗ ಇದನ್ನು ನೋಡಿಕೊಳ್ಳುತ್ತಿರುವ, ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 2020ರಲ್ಲಿ ತನ್ನ ಸುಪರ್ದಿನಲ್ಲಿರುವ ತಾಣಗಳಿಗೂ ವಸಾಹತುಶಾಹಿಗೂ ಗುಲಾಮಗಿರಿಗೂ ಇರುವ ನಂಟನ್ನು ಕುರಿತು ವರದಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಪೋವಿಸ್ ಕೂಡ ಇದೆ. ದುರಸ್ತಿಯಾದ ಆ ಗೋಡೆಗಳಲ್ಲಿ ಬಂಗಾಳದ ಹಣವಿದೆಯೆಂಬ ತಿಳಿವಳಿಕೆಯೊಂದಿಗೆ ಹಂತಗಳಲ್ಲಿ ನಡೆದವರಿಗೆ ಅಲ್ಲಿನ ಕಲ್ಲು ಮತ್ತು ಗಿಡ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಇನ್ನು ಯೂ ಮರಗಳ ಬಳಿಗೆ ಬರೋಣ. ಪೋವಿಸ್‌ನ ಯಾವ ಚಿತ್ರವನ್ನು ತೆಗೆದುಕೊಂಡರೂ ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೇಲಿನ ಹಂತದಿಂದ ಕೆಳಕ್ಕೆ ಉಕ್ಕಿ ಇಳಿಯುತ್ತಿರುವಂತೆ ತೋರುವ ಕಡುಹಸಿರಿನ ಭಾರಿ ಗುಡ್ಡೆಗಳು. ಮೂಲದಲ್ಲಿ ಇವು ಹೀಗಿರಲಿಲ್ಲ. 1742ರಲ್ಲಿ ಬಕ್ ಸಹೋದರರು ಪ್ರಕಟಿಸಿದ ಕೆತ್ತನೆ ಚಿತ್ರದಲ್ಲಿ ಇವು ಅಂತರವಿಟ್ಟು ನೆಟ್ಟ ಪುಟ್ಟ ಗೋಪುರಾಕಾರದ ಗಿಡಗಳು, ಅಷ್ಟೆ. ಕತ್ತರಿಸಿದ ಗಿಡಗಳು ಹಳೆಯ ಅಭಿರುಚಿಯೆನಿಸಿಕೊಂಡ ಕಾಲದಲ್ಲಿ ಯಾರೂ ಅವನ್ನು ಮುಟ್ಟಲಿಲ್ಲ. ಅವು ತಮ್ಮಷ್ಟಕ್ಕೆ ಮರಗಳಾಗಿ ಬೆಳೆದವು. ಮತ್ತೆ ಕತ್ತರಿ ಹಿಡಿದಾಗ ಹಳೆಯ ಗೋಪುರಾಕಾರಕ್ಕೆ ಹಿಂದಿರುಗುವುದು ಸಾಧ್ಯವಿರಲಿಲ್ಲ. ಮರ ಎಲ್ಲಿ ಉಬ್ಬಿತ್ತೋ ಅಲ್ಲಿ ಉಬ್ಬನ್ನೂ, ಎಲ್ಲಿ ಕುಸಿದಿತ್ತೋ ಅಲ್ಲಿ ಕುಸಿತವನ್ನೂ ಒಪ್ಪಿಕೊಂಡು ಅದರ ಮೈಯನ್ನು ನುಣುಪಾಗಿಸಿದರು. ಆದ್ದರಿಂದ ಇಂದಿನ ಆಕಾರವನ್ನು ಯಾವ ವಿನ್ಯಾಸಕನೂ ಕಾಗದದ ಮೇಲೆ ಬರೆದವನಲ್ಲ. ನೆಟ್ಟವರು, ಮರೆತವರು, ಮತ್ತೆ ಕತ್ತರಿಸಿದವರು ಮೂವರೂ ಸೇರಿ ಮಾಡಿದ ಆಕಾರ ಅದು.

ಯೂ ಮರಕ್ಕೆ ಇದನ್ನು ತಾಳಿಕೊಳ್ಳುವ ಶಕ್ತಿಯಿದೆ. ಸೂಜಿಯೆಲೆಯ ಮರಗಳಲ್ಲಿ ಹೆಚ್ಚಿನವು ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕಡಿದರೆ ಮತ್ತೆ ಚಿಗುರುವುದಿಲ್ಲ. ಯೂ ಹಾಗಲ್ಲ, ದಪ್ಪನೆಯ ಮುದಿ ಕೊಂಬೆಯಿಂದಲೂ ಹೊಸ ಚಿಗುರನ್ನು ಹೊರಡಿಸುತ್ತದೆ. ಹತ್ತಿರ ಹೋಗಿ ಹಸಿರು ಪದರವನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಿದರೆ, ಹೊರಗೆ ಗಟ್ಟಿಯಾದ ಗುಡ್ಡದಂತಿರುವ ಮರ ಒಳಗೆ ಬಹುಮಟ್ಟಿಗೆ ಪೊಳ್ಳೆಂಬುದು ತಿಳಿಯುತ್ತದೆ. ಎಲೆಯಿರುವುದು ಬೆಳಕು ತಾಗುವ ಹೊರಪದರದಲ್ಲಿ ಮಾತ್ರ. ಅದರ ಹಿಂದೆ ಕಂದುಗೆಂಪಿನ ಕೊಂಬೆಗಳು, ಒಣಗಿದ ಕಡ್ಡಿಗಳು, ಅರೆಗತ್ತಲು. ಎಲೆ ಮತ್ತು ಬೀಜ ವಿಷ, ಆದ್ದರಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರು ಶರತ್ಕಾಲದ ಆ ಕೆಂಪು ಹಣ್ಣುಗಳ ವಿಷಯದಲ್ಲಿ ಎಚ್ಚರವಾಗಿರಬೇಕು. ಇದೇ ಜಾತಿಯ ಮರದ ಎಲೆಗಳಲ್ಲಿರುವ ರಾಸಾಯನಿಕದಿಂದ ಕ್ಯಾನ್ಸರಿನ ಔಷಧಿಗಳನ್ನು ತಯಾರಿಸುತ್ತಾರೆ ಎಂಬುದೂ ನಿಜ.

ಕತ್ತರಿಸುವ ಕೆಲಸ ಬೇಸಿಗೆಯ ಕೊನೆಯಲ್ಲಿ ಆರಂಭವಾಗಿ ಹಲವು ವಾರಗಳ ಕಾಲ, ಶರತ್ಕಾಲದೊಳಕ್ಕೂ ನಡೆಯುತ್ತದೆ. ಹಿಂದೆ ಉದ್ದನೆಯ ಏಣಿಗಳನ್ನು ಒರಗಿಸಿ ಕೈಕತ್ತರಿ ಹಿಡಿದ ಆಳುಗಳ ತಂಡವೇ ಇದನ್ನು ಮಾಡುತ್ತಿತ್ತು. ಈಗ ಯಂತ್ರದ ತೋಳಿನ ತುದಿಯ ತೊಟ್ಟಿಯಲ್ಲಿ ನಿಂತ ತೋಟಗಾರರು ವಿದ್ಯುತ್ ಕತ್ತರಿಯಿಂದ ಮಾಡುತ್ತಾರೆ. ಎರಡು ಆಳಿಗೂ ಮಿಕ್ಕು ಎತ್ತರದ ಆ ಮೈಯ ಮೇಲೆ ದಾರ ಹಿಡಿದು ಅಳೆಯಲು ಬರುವುದಿಲ್ಲ. ಹಿಂದಿನ ವರ್ಷದ ಕತ್ತರಿಯ ಗುರುತನ್ನೂ ಕಣ್ಣಳತೆಯನ್ನೂ ನೆಚ್ಚಿಕೊಂಡೇ ಕೆಲಸ ಸಾಗಬೇಕು. ಒಂದು ವರ್ಷ ಬಿಟ್ಟರೆ ಅಂಚು ಕೆದರುತ್ತದೆ. ಕೆಲವು ವರ್ಷ ಬಿಟ್ಟರೆ ಆಕಾರವೇ ಹೋಗುತ್ತದೆ. ಮುನ್ನೂರು ವರ್ಷಕ್ಕೂ ಹಳೆಯ ತೋಟವೆಂದು ನಾವು ಬೆರಗಾಗಿ ನೋಡುವುದು ವಾಸ್ತವದಲ್ಲಿ ಕಳೆದ ಋತುವಿನ ಕೂಲಿಕೆಲಸ. ಆ ಕೆಲಸಗಾರರ ಹೆಸರುಗಳಲ್ಲಿ ಹೆಚ್ಚಿನವು ಎಲ್ಲಿಯೂ ಉಳಿದಿಲ್ಲ.

ಉಳಿದಿರುವ ಹೆಸರುಗಳಲ್ಲಿ ಒಂದು ವಯಲೆಟ್. ನಾಲ್ಕನೆಯ ಅರ್ಲ್‌ನ ಹೆಂಡತಿಯಾದ ಈಕೆ 1911ರಲ್ಲಿ ತೋಟದ ಹೊಣೆಯನ್ನು ಗಂಡನಿಂದ ತಾನೇ ಕೇಳಿ ಪಡೆದುಕೊಂಡಳು. ಇಂಗ್ಲೆಂಡ್ ಮತ್ತು ವೇಲ್ಸ್‌ನ ತೋಟಗಳಲ್ಲೆಲ್ಲ ಇದನ್ನು ಅತ್ಯಂತ ಸುಂದರವಾಗಿಸಬೇಕೆಂಬುದು ಆಕೆಯ ಹಂಬಲವಾಗಿತ್ತು. ಹಂತಗಳ ಮೇಲಿನಿಂದ ನೋಡಿದರೆ ಒಂದು ಬದಿಯಲ್ಲಿ ತರಕಾರಿ ತೋಟ, ಗಾಜಿನ ಮನೆಗಳು ಕಾಣುತ್ತಿದ್ದವು. ಅವುಗಳಿಗೆ ಮರೆಯಾಗಿದ್ದ ಎಲ್ಮ್ ಮರಗಳು ಬಿರುಗಾಳಿಗೆ ಉರುಳಿದ ಮೇಲೆ ಆಕೆ ತರಕಾರಿ ತೋಟವನ್ನೇ ಕಣ್ಮರೆಯ ಜಾಗಕ್ಕೆ ಸಾಗಿಸಿ, ಅಲ್ಲಿ ಹೂಪಾತಿಗಳ ಹೊಸ ತೋಟವನ್ನು ಹಾಕಿಸಿದಳು. ಗೋಪುರಾಕಾರಕ್ಕೆ ಕತ್ತರಿಸಿದ ಸೇಬಿನ ಮರಗಳ ಸಾಲನ್ನು ಇಂದಿಗೂ ಅಲ್ಲಿ ನೋಡಬಹುದು. ಆಕೆ 1929ರಲ್ಲಿ ತೀರಿಕೊಂಡಳು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನು ಮೊದಲನೆಯ ಮಹಾಯುದ್ಧದಲ್ಲಿ, ಇನ್ನೊಬ್ಬನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸತ್ತರು. 1952ರಲ್ಲಿ ಅರ್ಲ್ ತೀರಿಕೊಂಡಾಗ ಕೋಟೆಯೂ ತೋಟವೂ ನ್ಯಾಷನಲ್ ಟ್ರಸ್ಟಿಗೆ ಸೇರಿದವು.

ಇಷ್ಟು ತಿಳಿದುಕೊಂಡು ಹಂತಗಳನ್ನು ಇಳಿದು, ಹುಲ್ಲುಹಾಸನ್ನು ದಾಟಿ, ಎದುರು ದಿಬ್ಬದ ಕಾಡಿಗೆ ಬರಬೇಕು. ಬಂದವರಲ್ಲಿ ಎಷ್ಟೋ ಮಂದಿ ಇಲ್ಲಿಯವರೆಗೆ ಬರುವುದಿಲ್ಲ, ಮೇಲಿನ ನೋಟದಿಂದಲೇ ತೃಪ್ತರಾಗುತ್ತಾರೆ. ನನ್ನ ಮಟ್ಟಿಗೆ ಪೋವಿಸ್‌ನ ಅತ್ಯುತ್ತಮ ಭಾಗ ಈ ಕಾಡುದಾರಿಯೇ. ಹಂತಗಳ ಬಿಸಿಲಿನಿಂದ ಬಂದವರಿಗೆ ಮರಗಳ ಕೆಳಗೆ ಕಾಲಿಟ್ಟೊಡನೆ ಗಾಳಿಯ ತಂಪು ತಾಗುತ್ತದೆ, ಹೆಜ್ಜೆಯ ಸದ್ದು ಬದಲಾಗುತ್ತದೆ. ಗಟ್ಟಿಯಾದ ಹಾದಿ ಮುಗಿದು ಕೊಳೆತ ಎಲೆಗಳ ಮೆತ್ತನೆಯ ನೆಲ ಸಿಗುತ್ತದೆ. ಎತ್ತರದ ಓಕ್ ಮರಗಳು, ಅವುಗಳ ನಡುವೆ ಮುದಿ ಯೂಗಳು, ಕೆಳಗೆ ರೋಡೊಡೆಂಡ್ರಾನ್ ಪೊದೆಗಳು. ಈ ದಿಬ್ಬದ ಮಣ್ಣು ಆಮ್ಲಗುಣದ್ದಾದ್ದರಿಂದ ಸುಣ್ಣದ ನೆಲವನ್ನು ಸಹಿಸದ ರೋಡೊಡೆಂಡ್ರಾನ್, ಅಜೇಲಿಯಾಗಳು ಇಲ್ಲಿ ಹುಲುಸಾಗಿ ಬೆಳೆಯುತ್ತವೆ. ಬ್ರಿಟನ್ನಿನ ಕಾಡುತೋಟಗಳಿಗೆ ಈ ಗಿಡಗಳು ರಾಶಿರಾಶಿಯಾಗಿ ಬಂದದ್ದು 19ನೆಯ ಶತಮಾನದಲ್ಲಿ; ಜೋಸೆಫ್ ಹುಕರ್ ಎಂಬ ಸಸ್ಯವಿಜ್ಞಾನಿ 1848ರಿಂದ 1850ರವರೆಗೆ ಸಿಕ್ಕಿಂ ಮತ್ತು ಹಿಮಾಲಯದ ಪಾದಬೆಟ್ಟಗಳಲ್ಲಿ ತಿರುಗಿ ಹೊಸ ಜಾತಿಗಳ ಬೀಜಗಳನ್ನು ಕಳುಹಿಸಿದ ಮೇಲೆ ಇವುಗಳ ಹುಚ್ಚು ಎಲ್ಲೆಡೆ ಹಬ್ಬಿತು. ಇವುಗಳಲ್ಲಿ ಬಹುಮಟ್ಟಿಗೆ ಸ್ಪೇನ್ ಮತ್ತು ಪೋರ್ಚುಗಲ್ ಕಡೆಯಿಂದ ಬಂದ, ನೇರಳೆ ಹೂವಿನ ಒಂದು ಜಾತಿ ಮಾತ್ರ ಬ್ರಿಟನ್ನಿನ ಕಾಡುಗಳಲ್ಲಿ ಕಳೆಯಂತೆ ಹರಡಿ, ತನ್ನ ಕೆಳಗೆ ಬೇರೇನನ್ನೂ ಬೆಳೆಯಗೊಡದೆ, ಇಂದು ದೊಡ್ಡ ತಲೆನೋವಾಗಿದೆ. ಕಾಡುತೋಟವೆಂದರೆ ಬಿಟ್ಟು ಬೆಳೆಸಿದ ಕಾಡೆಂದು ಭಾವಿಸುವವರು ಇದನ್ನು ಗಮನಿಸಬೇಕು. ಬೆಳಕು ನೆಲಕ್ಕೆ ಇಳಿಯುವಂತೆ ಕೊಂಬೆ ತೆಗೆಯುವುದು, ಅತಿಕ್ರಮಿಸುವ ಪೊದೆಯನ್ನು ಹದ್ದುಬಸ್ತಿನಲ್ಲಿಡುವುದು, ಮುಪ್ಪಾದ ಮರಕ್ಕೆ ಉತ್ತರಾಧಿಕಾರಿಯನ್ನು ಮೊದಲೇ ನೆಟ್ಟಿರುವುದು ಹೀಗೆ ಇಲ್ಲಿಯೂ ದುಡಿಮೆ ಇದೆ. ಅದು ಕಾಣದ ಹಾಗೆ ನಡೆಯುತ್ತದೆ, ಅಷ್ಟೆ.

ಈ ದಾರಿಯಲ್ಲಿ ನಡೆಯುವಾಗ ಮರಗಳ ನಡುವೆ ಅಲ್ಲಲ್ಲಿ ತೆರಪು ಸಿಗುತ್ತದೆ. ಆ ತೆರಪುಗಳಲ್ಲಿ ತಪ್ಪದೆ ನಿಲ್ಲಬೇಕು. ಹಂತಗಳ ಮೇಲೆ ನಿಂತಾಗ ನಮಗೆ ಕೋಟೆ ಬೆನ್ನ ಹಿಂದೆ, ಹಂತಗಳು ಕಾಲ ಕೆಳಗೆ ಇದ್ದುದರಿಂದ ಎರಡೂ ಪೂರ್ಣವಾಗಿ ಕಂಡಿರುವುದಿಲ್ಲ. ಇಲ್ಲಿಂದ ನೋಡಿದರೆ ಕೆಂಪುಗೋಡೆಯ ಕೋಟೆ, ಅದರ ಬುಡದಲ್ಲಿ ಯೂ ಮರಗಳ ಉಬ್ಬುಗಳು, ಸಾಲಾದ ಹಂತಗಳು, ಹುಲ್ಲಿನ ಇಳಿಜಾರು ಒಂದೇ ನೋಟದಲ್ಲಿ ಎದ್ದುನಿಲ್ಲುತ್ತವೆ. ಹಾಗೆಯೇ ಹಂತಗಳಿಂದ ನೋಡಿದವರಿಗೆ ಈ ಕಾಡು ತಾನಾಗಿ ಬೆಳೆದ ಬೆಟ್ಟದ ಸೆರಗಿನಂತೆ ಕಂಡಿರುತ್ತದೆ. 1680ರ ದಶಕದ ಗೆರೆ ಎಳೆದ ತೋಟ, 1770ರ ದಶಕದ ಗೆರೆ ಮರೆಸಿದ ತೋಟ, ಎರಡೂ ಒಂದು ಹುಲ್ಲುಹಾಸಿನ ಎರಡು ದಡಗಳಲ್ಲಿ ಎದುರುಬದುರಾಗಿ ನಿಂತಿವೆ. ಬೇರೆಡೆಗಳಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿಹಾಕಿತು. ಇಲ್ಲಿ ಒಂದರಿಂದ ಇನ್ನೊಂದನ್ನು ನೋಡಬಹುದು. ಕಾಡಿಗೆ ಹೋಗದವರು ಅರ್ಧ ತೋಟವನ್ನು ಮಾತ್ರ ನೋಡಿ ಬಂದಂತಾಗುತ್ತದೆ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಓಕ್ ಮರಗಳ ಕುರಿತು ಒಂದು ಮಾತು ಸೇರಿಸುತ್ತೇನೆ. ಹಂತಗಳಿಂದ ಕಣಿವೆಯಾಚೆಗೆ ಬ್ರೈಡನ್ ಬೆಟ್ಟಗಳು ಕಾಣುತ್ತವೆ. ಅವುಗಳಲ್ಲೊಂದರ ನೆತ್ತಿಯ ಮೇಲೆ 1780ರ ದಶಕದ ಆರಂಭದಲ್ಲಿ ನೌಕಾಪತಿ ರಾಡ್ನಿಯ ಹೆಸರಿನಲ್ಲಿ ಎತ್ತಿಸಿದ ಕಂಬವೊಂದಿದೆ. ಸಮುದ್ರದಿಂದ ಇಷ್ಟು ದೂರದಲ್ಲಿ ನೌಕಾಪತಿಗೆ ಸ್ಮಾರಕವೇಕೆಂದರೆ, ಈ ಸೀಮೆಯ ಓಕ್ ದಿಮ್ಮಿಗಳು ಸೆವರ್ನ್ ನದಿಯಲ್ಲಿ ಸಾಗಿಹೋಗಿ ನೌಕಾಪಡೆಯ ಹಡಗುಗಳಾಗುತ್ತಿದ್ದವು. ಪೂರ್ವದಿಂದ ಸಂಪತ್ತನ್ನು ಹೊತ್ತು ತಂದ ಸಮುದ್ರಮಾರ್ಗಗಳನ್ನು ಕಾಯುತ್ತಿದ್ದದ್ದು ಅಂಥ ಮರದ ಹಡಗುಗಳ ಪಡೆಯೇ. ಸುತ್ತಲಿನ ಉದ್ಯಾನವನದ ಹಳೆಯ ಓಕ್‌ಗಳನ್ನು ನೋಡುವಾಗ ಕಡಿಯದೆ ಬಿಟ್ಟ ಕಾರಣಕ್ಕೆ ಅವು ಇಲ್ಲಿವೆ ಎಂಬುದನ್ನು ನೆನೆಯಬೇಕು.

ಹೋಗುವ ಕಾಲದ ವಿಷಯಕ್ಕೆ ಬಂದರೆ, ಕಾಡಿಗೆ ಮೇ ತಿಂಗಳು ಅತ್ಯುತ್ತಮ. ರೋಡೊಡೆಂಡ್ರಾನ್ ಮತ್ತು ಅಜೇಲಿಯಾಗಳು ಆಗ ಹೂಬಿಟ್ಟಿರುತ್ತವೆ. ಹಂತಗಳ ಹೂಪಾತಿಗಳು ಜುಲೈಯಿಂದ ಸೆಪ್ಟೆಂಬರ್‌ವರೆಗೆ ತುಂಬಿರುತ್ತವೆ. ಒಂದೇ ಸಲ ಹೋಗಲು ಸಾಧ್ಯವಿರುವವರಿಗೆ ನಾನು ಸೆಪ್ಟೆಂಬರ್ ಕೊನೆಯನ್ನು ಸೂಚಿಸುತ್ತೇನೆ. ಆಗ ಪಾತಿಗಳಲ್ಲಿ ಹೂವು ಇನ್ನೂ ಇರುತ್ತದೆ, ಕಾಡಿನ ಎಲೆಗಳು ಬಣ್ಣ ತಿರುಗಲು ತೊಡಗಿರುತ್ತವೆ, ಅದೃಷ್ಟವಿದ್ದರೆ ಯೂ ಮರದ ಎತ್ತರದಲ್ಲಿ ಕತ್ತರಿ ಹಿಡಿದವರನ್ನೂ ನೋಡಬಹುದು. ಹಂತಗಳ ನಡುವಿನ ದಾರಿ ಕಡಿದು, ಮೆಟ್ಟಿಲುಗಳೂ ಹಲವು. ಮಂಡಿನೋವಿರುವ ಹಿರಿಯರು ಇಳಿಯುವ ಮೊದಲೇ ಹತ್ತಿ ಬರುವ ಶ್ರಮವನ್ನು ಲೆಕ್ಕಹಾಕಿಕೊಳ್ಳಬೇಕು. ಮಳೆಯಾದ ಮರುದಿನ ಕಾಡಿನ ನೆಲ ಜಾರುತ್ತದೆ, ಹಿಡಿತವಿರುವ ಬೂಟು ಇರಲಿ. ಬೆಳಗ್ಗೆ ಬಿಸಿಲು ಹಂತಗಳ ಮೇಲೆ ನೇರವಾಗಿ ಬಿದ್ದಿರುವಾಗಲೇ ಮೊದಲು ಕಾಡಿಗೆ ಹೋಗಿ ಅಲ್ಲಿಂದ ಕೋಟೆಯನ್ನು ನೋಡಿ. ಮಧ್ಯಾಹ್ನದ ನಂತರ ಕೋಟೆಯ ನೆರಳು ಹಂತಗಳ ಮೇಲೆ ಬೀಳತೊಡಗುವುದರಿಂದ ದೂರದ ನೋಟಕ್ಕಿಂತ ಪಾತಿಗಳ ಗಿಡಗಳನ್ನು ಹತ್ತಿರದಿಂದ ನೋಡುವುದಕ್ಕೆ ಆ ಹೊತ್ತು ಒಳ್ಳೆಯದು.